ಮೂರು ಚುಕ್ಕಿಗಳ ಹಿಂದಿನ ಮನುಷ್ಯ: ಡೆನ್ನಿಸ್ ರಿಚಿ

ಫಸ್ಟ್ ಇಯರ್‌ನ ಸಿ ಲ್ಯಾಬ್ ಒಮ್ಮೆ ನೆನಪಿಸಿಕೊಳ್ಳಿ. ನಾವೆಲ್ಲ ಬರೆದ ಮೊದಲನೇ ಪ್ರೋಗ್ರಾಂನಲ್ಲೇ ಪ್ರಿಂಟ್‌ಎಫ್ ಇತ್ತು. ಒಂದು ಸಾಲಿನಲ್ಲಿ ಅದಕ್ಕೆ ಒಂದೇ ಆರ್ಗ್ಯುಮೆಂಟ್ ಕೊಟ್ಟೆವು, ಇನ್ನೊಂದು ಸಾಲಿನಲ್ಲಿ ಮೂರು, ಕ್ವಾಡ್ರಾಟಿಕ್ ಈಕ್ವೇಷನ್ ಪ್ರೋಗ್ರಾಂಗೆ ಬರುವಷ್ಟರಲ್ಲಿ ಐದು. ಅದು ಯಾವತ್ತೂ ತಕರಾರು ಮಾಡಲಿಲ್ಲ. ಆದ್ರೆ ನಾವೇ ಬರೆದ ಎರಡು ಸಂಖ್ಯೆ ಕೂಡಿಸೋ ಫಂಕ್ಷನ್‌ಗೆ ಮೂರನೇ ಸಂಖ್ಯೆ ಕೊಟ್ಟ ತಕ್ಷಣ ಕಂಪೈಲರ್ ಎರರ್ ತೋರಿಸಿತು. ನಮಗಿಲ್ಲದ ವಿನಾಯಿತಿ ಪ್ರಿಂಟ್‌ಎಫ್‌ಗೆ ಮಾತ್ರ ಯಾಕೆ?

ನಮ್ಮಲ್ಲಿ ಅರ್ಧ ಜನ ಮೊದಲ ವಾರ ಸ್ಟುಡಿಯೋ ಡಾಟ್ ಎಚ್ ಅಂತ ಓದಿದ ಆ ಹೆಡರ್ ಫೈಲನ್ನು ತೆರೆದು ನೋಡಿದರೆ ಉತ್ತರ ಸಿಗುತ್ತೆ. ಪ್ರಿಂಟ್‌ಎಫ್‌ನ ಡಿಕ್ಲರೇಷನ್‌ನಲ್ಲಿ ಮೊದಲು ಫಾರ್ಮ್ಯಾಟ್ ಸ್ಟ್ರಿಂಗ್, ಆಮೇಲೆ ಒಂದು ಕಾಮಾ, ಆಮೇಲೆ ಮೂರು ಚುಕ್ಕಿ. ಇಲ್ಲಿಂದ ಮುಂದೆ ಎಷ್ಟು ಬರುತ್ತೋ, ಯಾವ ಟೈಪ್ ಬರುತ್ತೋ ನಾನು ಕೇಳಲ್ಲ ಅಂತ ಕಂಪೈಲರ್ ಕೈ ಎತ್ತಿಬಿಡೋ ಜಾಗ ಅದು. ಸಿ ಭಾಷೆಯಲ್ಲಿ ಟೈಪ್‌ಗಳನ್ನು ತಂದ ಮನುಷ್ಯ ಟೈಪ್ ಇಲ್ಲದ ಇಂಥದ್ದೊಂದು ಬಾಗಿಲನ್ನು ಯಾಕೆ ತೆರೆದಿಟ್ಟರು ಅಂತ ಹುಡುಕುತ್ತಾ ಹೋದಾಗ ನಮಗೆ ಸಿಕ್ಕಿದ್ದು ಡೆನ್ನಿಸ್ ರಿಚಿ ಅವರ ಜೀವನ.

ಬೈಂಡಿಂಗ್ ಆಗದ ಥೀಸಿಸ್

ಡೆನ್ನಿಸ್ ಮ್ಯಾಕ್‌ಅಲಿಸ್ಟೇರ್ ರಿಚಿ ಹುಟ್ಟಿದ್ದು 1941ರ ಸೆಪ್ಟೆಂಬರ್ 9ರಂದು, ಅಮೆರಿಕದ ನ್ಯೂಯಾರ್ಕ್ ರಾಜ್ಯದ ಬ್ರಾಂಕ್ಸ್‌ವಿಲ್ ಅನ್ನೋ ಊರಿನಲ್ಲಿ. ತಂದೆ ಅಲಿಸ್ಟೇರ್ ರಿಚಿ ಬೆಲ್ ಲ್ಯಾಬ್ಸ್‌ನಲ್ಲಿ ಇಂಜಿನಿಯರ್. ಟೆಲಿಫೋನ್ ಎಕ್ಸ್‌ಚೇಂಜ್‌ಗಳ ಸ್ವಿಚಿಂಗ್ ಸರ್ಕ್ಯೂಟ್ ಅವರ ಕ್ಷೇತ್ರ. ಇಬ್ಬರು ಸಹೋದ್ಯೋಗಿಗಳ ಜೊತೆ ಸೇರಿ 1951ರಲ್ಲಿ ಅದೇ ವಿಷಯದ ಮೇಲೆ ಒಂದು ಪುಸ್ತಕವನ್ನೂ ಬರೆದವರು. ಡೆನ್ನಿಸ್ ಚಿಕ್ಕವರಿದ್ದಾಗಲೇ ಮನೆಯವರು ನ್ಯೂಜೆರ್ಸಿಯ ಸಮಿಟ್ ಊರಿಗೆ ಬಂದರು. ಬೆಲ್ ಲ್ಯಾಬ್ಸ್‌ನ ಮರ್ರೇ ಹಿಲ್ ಕ್ಯಾಂಪಸ್ ಅಲ್ಲಿಂದ ಹತ್ತಿರ. ಹೈಸ್ಕೂಲ್ ಮುಗಿದಿದ್ದೂ ಸಮಿಟ್‌ನಲ್ಲೇ.

ಆಮೇಲೆ ಹಾರ್ವರ್ಡ್. 1963ರಲ್ಲಿ ಫಿಸಿಕ್ಸ್‌ನಲ್ಲಿ ಡಿಗ್ರಿ ಆಯ್ತು. ಆದ್ರೆ ಓದೋ ದಿನಗಳಲ್ಲೇ ಕಂಪ್ಯೂಟರ್ ಕಡೆ ಮನಸ್ಸು ವಾಲಿತ್ತು. ಹಾಗಾಗಿ ಮುಂದಿನ ಓದಿಗೆ ಅಪ್ಲೈಡ್ ಮ್ಯಾಥಮೆಟಿಕ್ಸ್ ಆರಿಸಿಕೊಂಡರು. ಪ್ಯಾಟ್ರಿಕ್ ಫಿಷರ್ ಅವರ ಮಾರ್ಗದರ್ಶನದಲ್ಲಿ ಪಿಎಚ್‌ಡಿ ಕೆಲಸ ಶುರುವಾಯ್ತು.

ಆ ಥೀಸಿಸ್‌ನ ವಿಷಯ ಸ್ವಲ್ಪ ನಿಧಾನವಾಗಿ ನೋಡೋಣ, ಮುಂದೆ ಬೇಕಾಗುತ್ತೆ. ಒಂದು ಪುಟ್ಟ ಪ್ರೋಗ್ರಾಮಿಂಗ್ ಭಾಷೆ ಇದೆ ಅಂದುಕೊಳ್ಳಿ. ಅದರಲ್ಲಿರೋದು ಒಂದೇ ಥರದ ಲೂಪ್. ಲೂಪ್ ಒಳಗೆ ಕಾಲಿಡುವ ಮೊದಲೇ ಅದು ಎಷ್ಟು ಸಲ ಸುತ್ತಬೇಕು ಅಂತ ತೀರ್ಮಾನ ಆಗಿರಬೇಕು, ಒಳಗೆ ಹೋದ ಮೇಲೆ ಆ ಲೆಕ್ಕ ಬದಲಾಯಿಸೋ ಹಾಗಿಲ್ಲ. ಇಂಥ ಭಾಷೆಯಲ್ಲಿ ಇನ್ಫಿನಿಟ್ ಲೂಪ್ ಸಾಧ್ಯವೇ ಇಲ್ಲ, ಪ್ರತಿ ಪ್ರೋಗ್ರಾಂ ಒಂದಲ್ಲ ಒಂದು ಹೊತ್ತಿಗೆ ನಿಲ್ಲಲೇಬೇಕು. ಲೂಪ್ ಒಳಗೆ ಲೂಪ್ ಎಷ್ಟು ಆಳಕ್ಕೆ ಇದೆ ಅಂತ ಎಣಿಸಿದರೆ ಆ ಪ್ರೋಗ್ರಾಂ ಗರಿಷ್ಠ ಎಷ್ಟು ಹೊತ್ತು ಓಡಬಹುದು ಅನ್ನೋದಕ್ಕೂ ಒಂದು ಮಿತಿ ಸಿಗುತ್ತೆ. ಇದರ ಬಗ್ಗೆ ಆಲ್ಬರ್ಟ್ ಮೇಯರ್ ಜೊತೆ ಸೇರಿ ರಿಚಿ 1967ರಲ್ಲಿ ಪೇಪರ್ ಪ್ರಕಟಿಸಿದರು. 1968ರ ಹೊತ್ತಿಗೆ ಥೀಸಿಸ್ ಕೂಡ ಬರೆದು ಮುಗಿದಿತ್ತು.

ಆದ್ರೆ ಪಿಎಚ್‌ಡಿ ಸಿಗಲಿಲ್ಲ. ಡಿಗ್ರಿ ಬರಬೇಕಾದರೆ ಥೀಸಿಸ್‌ನ ಬೈಂಡ್ ಮಾಡಿಸಿದ ಪ್ರತಿಯೊಂದನ್ನು ಯೂನಿವರ್ಸಿಟಿ ಲೈಬ್ರರಿಗೆ ಕೊಡಬೇಕಿತ್ತು. ರಿಚಿ ಕೊಡಲೇ ಇಲ್ಲ. ಬೈಂಡಿಂಗ್‌ಗೆ ಕೇಳಿದ ದುಡ್ಡು ಜಾಸ್ತಿ ಆಯ್ತು, ಅದನ್ನು ಯೂನಿವರ್ಸಿಟಿಯೇ ಕೊಡಬೇಕು ಅಂತ ಹಠ ಹಿಡಿದರು ಅನ್ನೋದು ಮೇಯರ್ ಹೇಳುವ ಕತೆ. ರೆಕಾರ್ಡ್ ಸಬ್‌ಮಿಷನ್ ಹಿಂದಿನ ರಾತ್ರಿ ಝೆರಾಕ್ಸ್ ಅಂಗಡಿ ಮುಂದೆ ಕ್ಯೂ ನಿಲ್ಲೋ ನಮಗೆ ಈ ಕತೆ ಕೇಳಿದಾಗ ನಗು ಬಂತು. ಆಮೇಲೆ ಸ್ವಲ್ಪ ಹೊಟ್ಟೆ ಚುರ್ ಅಂತು. ವರ್ಷಗಟ್ಟಲೆ ದುಡಿದು ಮುಗಿಸಿದ ಕೆಲಸ ಮನೆಯ ಕಾಗದಗಳ ಜೊತೆ ಸೇರಿಹೋಯ್ತು. ಅವರ ಹೆಸರಿನ ಹಿಂದೆ ಹಾರ್ವರ್ಡ್‌ನ ಡಾಕ್ಟರ್ ಪದವಿ ಕೊನೆಗೂ ಸೇರಲಿಲ್ಲ.

ಮೂಲೆಯಲ್ಲಿದ್ದ ಮೆಷಿನ್

ಥೀಸಿಸ್ ಮುಗಿಯುವ ಮೊದಲೇ, 1967ರಲ್ಲಿ, ರಿಚಿ ಬೆಲ್ ಲ್ಯಾಬ್ಸ್ ಸೇರಿದ್ದರು. ಅಪ್ಪ ಕೆಲಸ ಮಾಡಿದ ಸಂಸ್ಥೆಯೇ, ಆದ್ರೆ ವಿಭಾಗ ಕಂಪ್ಯೂಟಿಂಗ್ ಸೈನ್ಸ್ ರಿಸರ್ಚ್. ಆಗ ಅಲ್ಲಿ ನಡೀತಿದ್ದ ದೊಡ್ಡ ಕೆಲಸ ಮಲ್ಟಿಕ್ಸ್. ಎಂಐಟಿ, ಜನರಲ್ ಎಲೆಕ್ಟ್ರಿಕ್ ಮತ್ತು ಬೆಲ್ ಲ್ಯಾಬ್ಸ್ ಮೂವರೂ ಸೇರಿ ಕಟ್ಟುತ್ತಿದ್ದ ಭಾರಿ ಆಪರೇಟಿಂಗ್ ಸಿಸ್ಟಮ್. ಅದು ಎಷ್ಟು ಭಾರಿ ಅಂದ್ರೆ ಮುಗಿಯೋ ಲಕ್ಷಣವೇ ಕಾಣಲಿಲ್ಲ. 1969ರಲ್ಲಿ ಬೆಲ್ ಲ್ಯಾಬ್ಸ್ ಅದರಿಂದ ಹೊರಬಂತು.

ಮಲ್ಟಿಕ್ಸ್ ಹೋದ ಮೇಲೆ ರಿಚಿ ಮತ್ತು ಅವರ ಸಹೋದ್ಯೋಗಿ ಕೆನ್ ಥಾಂಪ್ಸನ್ ಕೈಯಲ್ಲಿ ಒಳ್ಳೆಯ ಮೆಷಿನ್ ಇರಲಿಲ್ಲ. ಹೊಸದು ಬೇಕು ಅಂತ ಕೇಳಿದರೂ ಮ್ಯಾನೇಜ್‌ಮೆಂಟ್ ಒಪ್ಪಲಿಲ್ಲ. ಕೊನೆಗೆ ಥಾಂಪ್ಸನ್‌ಗೆ ಸಿಕ್ಕಿದ್ದು ಯಾರೂ ಹೆಚ್ಚು ಮುಟ್ಟದ ಹಳೇ ಪಿಡಿಪಿ-7. ಅದರ ಮೆಮೊರಿ 18 ಬಿಟ್‌ನ 8 ಸಾವಿರ ಚಿಲ್ಲರೆ ವರ್ಡ್‌ಗಳು ಮಾತ್ರ. ನಮ್ಮ ಮೊಬೈಲ್‌ನಲ್ಲಿ ಒಂದು ಗುಡ್ ಮಾರ್ನಿಂಗ್ ಫೋಟೋ ಕೂಡ ಅದರಲ್ಲಿ ಹಿಡಿಯಲ್ಲ. ಯೂನಿಕ್ಸ್ ಹುಟ್ಟಿದ್ದು ಆ ಜಾಗದಲ್ಲಿ, 1969ರಲ್ಲಿ.

ಇಬ್ಬರ ಹೊಂದಾಣಿಕೆ ಹೇಗಿತ್ತು ಅನ್ನೋದಕ್ಕೆ ಥಾಂಪ್ಸನ್ ಹೇಳುವ ಒಂದು ಘಟನೆ ಇದೆ. ಯಾರು ಏನು ಬರೀಬೇಕು ಅನ್ನೋ ಹಂಚಿಕೆಯಲ್ಲಿ ಒಂದೇ ಒಂದು ಸಲ ಗೊಂದಲವಾಗಿ, ಇಬ್ಬರೂ ಒಂದೇ 20 ಸಾಲಿನ ಅಸೆಂಬ್ಲಿ ಪ್ರೋಗ್ರಾಂ ಬರೆದುಬಿಟ್ಟಿದ್ದರು. ಎರಡನ್ನೂ ಹೋಲಿಸಿ ನೋಡಿದರೆ ಅಕ್ಷರಕ್ಕೆ ಅಕ್ಷರ ಒಂದೇ ಇತ್ತಂತೆ! ನಮ್ಮ ಲ್ಯಾಬ್‌ನಲ್ಲಿ ಹಾಗಾದರೆ ಇಬ್ಬರಿಗೂ ಸೊನ್ನೆ ಗ್ಯಾರಂಟಿ.

ಬಿ ಭಾಷೆಯ ಒಂಬತ್ತು ಹೆಸರುಗಳು

ಹೊಸ ಸಿಸ್ಟಮ್‌ಗೆ ಅಸೆಂಬ್ಲಿಗಿಂತ ಮೇಲ್ಮಟ್ಟದ ಒಂದು ಭಾಷೆ ಬೇಕಿತ್ತು. ಇಂಗ್ಲೆಂಡಿನ ಮಾರ್ಟಿನ್ ರಿಚರ್ಡ್ಸ್ ರೂಪಿಸಿದ್ದ ಬಿಸಿಪಿಎಲ್ ಭಾಷೆಯನ್ನು ಕೊರೆದು ಕೊರೆದು ಚಿಕ್ಕದು ಮಾಡಿ ಥಾಂಪ್ಸನ್ ಬಿ ಅನ್ನೋ ಭಾಷೆ ಮಾಡಿಕೊಂಡರು. ಬಿ ಭಾಷೆಯಲ್ಲಿ ಟೈಪ್‌ಗಳೇ ಇಲ್ಲ. ಇಂಟ್, ಕ್ಯಾರ್, ಫ್ಲೋಟ್ ಯಾವುದೂ ಇಲ್ಲ. ಎಲ್ಲವೂ ಒಂದು ವರ್ಡ್. ಅದನ್ನು ಸಂಖ್ಯೆ ಅಂತ ನೋಡ್ತೀರೋ, ಅಡ್ರೆಸ್ ಅಂತ ನೋಡ್ತೀರೋ ನಿಮಗೆ ಬಿಟ್ಟಿದ್ದು.

ಪ್ರಿಂಟ್‌ಎಫ್ ಆಗಲೇ ಬಿ ಭಾಷೆಯಲ್ಲಿತ್ತು. ಅದರ ಕೋಡ್ ಬಿ ಭಾಷೆಯ ಮ್ಯಾನ್ಯುಯಲ್‌ನಲ್ಲೇ ಉದಾಹರಣೆಯಾಗಿ ಅಚ್ಚಾಗಿದೆ. ಮೂರು ಚುಕ್ಕಿ ಅಲ್ಲಿಲ್ಲ. ಫಾರ್ಮ್ಯಾಟ್ ಆದ ಮೇಲೆ ಎಕ್ಸ್1, ಎಕ್ಸ್2 ಅಂತ ಎಕ್ಸ್9ರ ತನಕ ಒಂಬತ್ತು ಹೆಸರು ಸಾಲಾಗಿ ಬರೆದಿದ್ದಾರೆ. ಒಳಗೆ ಮಾಡೋದು ಇಷ್ಟೇ: ಎಕ್ಸ್1ರ ಅಡ್ರೆಸ್ ತಗೋ, ಫಾರ್ಮ್ಯಾಟ್‌ನಲ್ಲಿ ಪರ್ಸೆಂಟ್ ಚಿಹ್ನೆ ಸಿಕ್ಕಿದಾಗಲೆಲ್ಲ ಆ ಅಡ್ರೆಸ್‌ನಲ್ಲಿ ಇರೋದನ್ನು ಎತ್ತಿಕೋ, ಒಂದು ವರ್ಡ್ ಮುಂದೆ ಹೋಗು. ಕರೆಯುವವರು ಎರಡೇ ಕೊಟ್ಟರೂ ಸರಿ, ಏಳು ಕೊಟ್ಟರೂ ಸರಿ. ಎಲ್ಲ ವರ್ಡ್‌ಗಳೂ ಒಂದೇ ಅಳತೆ ಆಗಿದ್ದರಿಂದ ಹೆಜ್ಜೆ ತಪ್ಪೋ ಪ್ರಶ್ನೆಯೇ ಇರಲಿಲ್ಲ.

1970ರಲ್ಲಿ ಪಿಡಿಪಿ-11 ಬಂತು, ಅದರ ಜೊತೆ ತೊಂದರೆಯೂ ಬಂತು. ಈ ಮೆಷಿನ್‌ನಲ್ಲಿ ಮೆಮೊರಿಯನ್ನು ಬೈಟ್ ಲೆಕ್ಕದಲ್ಲಿ ಮುಟ್ಟಬಹುದಿತ್ತು. ಒಂದು ಅಕ್ಷರಕ್ಕೆ ಒಂದು ಬೈಟ್, ಒಂದು ಪೂರ್ಣಾಂಕಕ್ಕೆ ಎರಡು ಬೈಟ್, ಮುಂದೆ ಬರಲಿದ್ದ ಫ್ಲೋಟಿಂಗ್ ಪಾಯಿಂಟ್‌ಗೆ ಇನ್ನೂ ಹೆಚ್ಚು. ಎಲ್ಲವೂ ಒಂದೇ ವರ್ಡ್ ಅನ್ನೋ ಬಿ ಭಾಷೆಯ ಲೆಕ್ಕಾಚಾರ ಇಲ್ಲಿ ನಡೆಯಲಿಲ್ಲ. 1971ರಲ್ಲಿ ರಿಚಿ ಬಿ ಭಾಷೆಗೆ ಟೈಪ್‌ಗಳನ್ನು ಸೇರಿಸೋಕೆ ಶುರು ಮಾಡಿದರು. ಅದಕ್ಕೆ ಮೊದಲು ಇಟ್ಟ ಹೆಸರು ಎನ್‌ಬಿ, ಅಂದ್ರೆ ನ್ಯೂ ಬಿ. ಅದು ಬದಲಾಗುತ್ತಾ 1972ರ ಹೊತ್ತಿಗೆ ಸಿ ಆಯ್ತು. ಥಾಂಪ್ಸನ್ ಆ ವರ್ಷ ಯೂನಿಕ್ಸ್ ಕರ್ನಲ್ಲನ್ನು ಸಿ ಭಾಷೆಯಲ್ಲಿ ಬರೆಯೋಕೆ ಹೋಗಿ, ಸ್ಟ್ರಕ್ಚರ್‌ಗಳಿಲ್ಲದ ಕಾರಣ ಕೈಬಿಟ್ಟರು. ರಿಚಿ ಸ್ಟ್ರಕ್ಚರ್ ಸೇರಿಸಿದರು. 1973ರ ಬೇಸಿಗೆಯಲ್ಲಿ ಇಬ್ಬರೂ ಕೂತು ಇಡೀ ಕರ್ನಲ್ಲನ್ನು ಸಿ ಭಾಷೆಯಲ್ಲಿ ಮತ್ತೆ ಬರೆದರು.

ಪಂಕ್ತಿಯಲ್ಲಿ ಎಷ್ಟು ಎಲೆ?

ಈಗ ನಮ್ಮ ಪ್ರಶ್ನೆಗೆ ಬರೋಣ. ಸಿ ಭಾಷೆಗೆ ಟೈಪ್ ಬಂತು, ಆದ್ರೆ ಪ್ರಿಂಟ್‌ಎಫ್ ಹಾಗೇ ಉಳೀತು. ಅದು ಹೇಗೆ ಕೆಲಸ ಮಾಡುತ್ತೆ?

ಫಂಕ್ಷನ್ ಕರೆಯುವಾಗ ಆರ್ಗ್ಯುಮೆಂಟ್‌ಗಳನ್ನು ಸ್ಟ್ಯಾಕ್ ಮೇಲೆ ಇಡಬೇಕು. ನಮ್ಮ ಹಾಸ್ಟೆಲ್ ಮೆಸ್‌ನ ತಟ್ಟೆ ರಾಶಿ ಥರ, ಕೊನೆಗೆ ಇಟ್ಟಿದ್ದು ಮೇಲಿರುತ್ತೆ. ಎಡದಿಂದ ಬಲಕ್ಕೆ ಇಟ್ಟರೆ ಕೊನೆಯ ಆರ್ಗ್ಯುಮೆಂಟ್ ಮೇಲೆ ಬರುತ್ತೆ. ಮೊದಲನೆಯದು ಎಷ್ಟು ಕೆಳಗಿದೆ ಅಂತ ತಿಳಿಯೋಕೆ ಒಟ್ಟು ಎಷ್ಟಿವೆ ಅಂತ ಗೊತ್ತಿರಬೇಕು. ಪಿಡಿಪಿ-11ರ ಸಿ ಕಂಪೈಲರ್ ಮಾಡಿದ್ದು ಉಲ್ಟಾ. ಕೊನೆಯ ಆರ್ಗ್ಯುಮೆಂಟನ್ನು ಮೊದಲು ಇಟ್ಟು, ಮೊದಲನೆಯದನ್ನು ಕೊನೆಗೆ ಇಡುತ್ತೆ. ಹಾಗಾಗಿ ಎಷ್ಟೇ ಆರ್ಗ್ಯುಮೆಂಟ್ ಇರಲಿ, ಮೊದಲನೆಯದು ಯಾವಾಗಲೂ ಒಂದೇ ಗೊತ್ತಾದ ಜಾಗದಲ್ಲಿ ಸಿಗುತ್ತೆ. ಇನ್ನೊಂದು ವಿಷಯ, ಕೆಲಸ ಮುಗಿದ ಮೇಲೆ ಸ್ಟ್ಯಾಕ್ ಖಾಲಿ ಮಾಡೋದು ಕರೆದವರ ಜವಾಬ್ದಾರಿ. ಯಾಕಂದ್ರೆ ಎಷ್ಟು ಇಟ್ಟಿದ್ದೇವೆ ಅಂತ ಅವರಿಗೆ ಮಾತ್ರ ಗೊತ್ತು.

ಮದುವೆ ಮನೆ ಪಂಕ್ತಿ ಊಹಿಸಿಕೊಳ್ಳಿ. ಬಡಿಸೋರ ಕಣ್ಣಿಗೆ ಬಟ್ಟೆ ಕಟ್ಟಿದೆ. ಮೊದಲನೇ ಎಲೆ ಎಲ್ಲಿದೆ ಅಂತ ಗೊತ್ತು. ಎಷ್ಟು ಹೆಜ್ಜೆಗೊಂದು ಎಲೆ, ಯಾವ ಎಲೆಗೆ ಏನು ಅಂತ ಕೈಯಲ್ಲೊಂದು ಚೀಟಿ ಇದೆ. ಆ ಚೀಟಿಯೇ ಫಾರ್ಮ್ಯಾಟ್ ಸ್ಟ್ರಿಂಗ್. ಚೀಟಿಯಲ್ಲಿ ಮೂರು ಅಂತಿದ್ದು ಮೂರೇ ಎಲೆ ಇದ್ದರೆ ಊಟ ಸರಾಗ. ಚೀಟಿಯಲ್ಲಿ ಐದು ಅಂತಿದ್ದು ಮೂರೇ ಎಲೆ ಹಾಕಿದ್ದರೆ ಉಳಿದ ಸಾಂಬಾರ್ ನೆಲಕ್ಕೆ. ಬಡಿಸೋರಿಗೆ ಅದು ಗೊತ್ತೂ ಆಗಲ್ಲ. ಪ್ರಿಂಟ್‌ಎಫ್‌ಗೆ ಪರ್ಸೆಂಟ್ ಡಿ ಜಾಸ್ತಿ ಕೊಟ್ಟು ಆರ್ಗ್ಯುಮೆಂಟ್ ಕಮ್ಮಿ ಕೊಟ್ಟಾಗ ಸ್ಕ್ರೀನ್ ಮೇಲೆ ಬರೋ ವಿಚಿತ್ರ ಸಂಖ್ಯೆಗಳು ಇದೇ. ಮೆಮೊರಿಯಲ್ಲಿ ಬೇರೆ ಯಾರದೋ ಜಾಗದಲ್ಲಿ ಬಿದ್ದಿರೋ ಬೆಲೆಗಳು.

ವೈವಾದಲ್ಲಿ ಕೇಳೋ ಒಂದು ಪ್ರಶ್ನೆಗೂ ಇಲ್ಲೇ ಉತ್ತರ ಇದೆ. ಪ್ರಿಂಟ್‌ಎಫ್‌ನಲ್ಲಿ ಫ್ಲೋಟ್‌ಗೂ ಡಬಲ್‌ಗೂ ಪರ್ಸೆಂಟ್ ಎಫ್ ಸಾಕು, ಸ್ಕ್ಯಾನ್‌ಎಫ್‌ನಲ್ಲಿ ಡಬಲ್‌ಗೆ ಪರ್ಸೆಂಟ್ ಎಲ್‌ಎಫ್ ಯಾಕೆ ಬೇಕು? ರಿಚಿ ಅವರ ಮೊದಲ ಸಿ ಭಾಷೆಯಲ್ಲಿ ಫ್ಲೋಟ್ ಲೆಕ್ಕಗಳೆಲ್ಲ ಡಬಲ್‌ನಲ್ಲೇ ನಡೀತಿದ್ದವು. ಫಂಕ್ಷನ್‌ಗೆ ಫ್ಲೋಟ್ ಕೊಟ್ಟರೆ ಅದು ಡಬಲ್ ಆಗಿ, ಕ್ಯಾರ್ ಕೊಟ್ಟರೆ ಇಂಟ್ ಆಗಿ ಹೋಗ್ತಿತ್ತು. ಮೂರು ಚುಕ್ಕಿಯ ಜಾಗದಲ್ಲಿ ಇವತ್ತಿಗೂ ಅದೇ ನಿಯಮ. ಹಾಗಾಗಿ ಪ್ರಿಂಟ್‌ಎಫ್ ಕೈಗೆ ಫ್ಲೋಟ್ ಬರೋದೇ ಇಲ್ಲ. ಸ್ಕ್ಯಾನ್‌ಎಫ್‌ಗೆ ಹೋಗೋದು ಪಾಯಿಂಟರ್, ಅದು ಬದಲಾಗಲ್ಲ. ಆ ಜಾಗದಲ್ಲಿ ನಾಲ್ಕು ಬೈಟ್ ಬರೀಬೇಕೋ ಎಂಟೋ ಅಂತ ಅದಕ್ಕೆ ಹೇಳಲೇಬೇಕು.

ಎಣಿಸೋಕೆ ಹೋಗಿ ಸೋತ ಕತೆ

ಆರ್ಗ್ಯುಮೆಂಟ್ ಎಷ್ಟು ಬಂದಿದೆ ಅಂತ ಫಂಕ್ಷನ್ ತಾನೇ ಎಣಿಸಿಕೊಳ್ಳಬಾರದಾ? ಹಳೇ ಯೂನಿಕ್ಸ್‌ನಲ್ಲಿ ಅದಕ್ಕೂ ಒಂದು ಪ್ರಯತ್ನ ನಡೆದಿತ್ತು. ಎನ್‌ಆರ್ಗ್ಸ್ ಅನ್ನೋ ಲೈಬ್ರರಿ ಫಂಕ್ಷನ್ ಅದು. ಅದರ ಉಪಾಯ ಮಜವಾಗಿದೆ. ಕರೆದವರ ಕೋಡ್‌ಗೇ ವಾಪಸ್ ಹೋಗಿ, ಕರೆ ಮುಗಿದ ಮೇಲೆ ಸ್ಟ್ಯಾಕ್ ಖಾಲಿ ಮಾಡೋಕೆ ಇಟ್ಟಿರೋ ಇನ್‌ಸ್ಟ್ರಕ್ಷನ್ ಯಾವುದು ಅಂತ ನೋಡಿ, ಅದರಿಂದ ಎಷ್ಟು ಇಟ್ಟಿರಬಹುದು ಅಂತ ಲೆಕ್ಕ ಹಾಕೋದು! ಊಟ ಆದ ಮೇಲೆ ಎತ್ತೋ ಎಲೆ ಎಣಿಸಿ ಎಷ್ಟು ಜನ ಬಂದಿದ್ದರು ಅಂತ ಹೇಳಿದ ಹಾಗೆ. ಆದ್ರೆ ಅದು ಎಣಿಸಿದ್ದು ವರ್ಡ್‌ಗಳನ್ನು, ಆರ್ಗ್ಯುಮೆಂಟ್‌ಗಳನ್ನಲ್ಲ. ಒಂದು ಡಬಲ್ ಕೊಟ್ಟರೆ ನಾಲ್ಕು ಅಂತ ಹೇಳ್ತಿತ್ತು. ಕೋಡ್ ಮತ್ತು ಡೇಟಾವನ್ನು ಬೇರೆ ಬೇರೆ ಜಾಗದಲ್ಲಿ ಇಡೋ ಪಿಡಿಪಿ-11 ಮಾಡೆಲ್‌ಗಳು ಬಂದ ಮೇಲೆ ಅಲ್ಲಿ ಕೋಡನ್ನು ಡೇಟಾ ಥರ ಓದೋಕೇ ಆಗಲಿಲ್ಲ. ಇದನ್ನು ಬಳಸಬೇಡಿ, ಎಣಿಕೆಯನ್ನು ನೀವೇ ಒಂದು ಆರ್ಗ್ಯುಮೆಂಟಾಗಿ ಕೊಡಿ ಅನ್ನೋ ಅರ್ಥದ ಸೂಚನೆ ಆ ಕಾಲದ ಯೂನಿಕ್ಸ್ ಮ್ಯಾನ್ಯುಯಲ್‌ನಲ್ಲೇ ಇದೆ.

ಬ್ರಯನ್ ಕರ್ನಿಗನ್ ಜೊತೆ ಸೇರಿ ರಿಚಿ ಬರೆದ ಸಿ ಪುಸ್ತಕ 1978ರಲ್ಲಿ ಬಂತು. ನಮ್ಮ ಲೈಬ್ರರಿಯಲ್ಲಿ ಕವರ್ ಹರಿದುಹೋಗಿರೋ ಕೆ ಅಂಡ್ ಆರ್ ಅದೇ ಪುಸ್ತಕದ ಎರಡನೇ ಆವೃತ್ತಿ. ಮೊದಲ ಆವೃತ್ತಿಯಲ್ಲಿ ಇವರು ಒಂದು ವಿಷಯ ಮುಚ್ಚಿಡದೆ ಬರೆದುಬಿಟ್ಟಿದ್ದಾರೆ. ಎಷ್ಟು ಬೇಕಾದರೂ ಆರ್ಗ್ಯುಮೆಂಟ್ ತಗೊಳ್ಳೋ ಫಂಕ್ಷನ್ನನ್ನು ಎಲ್ಲ ಮೆಷಿನ್‌ಗಳಲ್ಲೂ ನಡೆಯೋ ಹಾಗೆ ಬರೆಯೋಕೆ ಸಮಾಧಾನ ಕೊಡುವಂಥ ದಾರಿ ಇಲ್ಲ, ಯಾಕಂದ್ರೆ ನಿಜವಾಗಿ ಎಷ್ಟು ಬಂತು ಅಂತ ತಿಳಿಯೋಕೆ ಎಲ್ಲ ಕಡೆ ನಡೆಯೋ ಉಪಾಯ ಇಲ್ಲ ಅಂತ. ಭಾಷೆ ಮಾಡಿದವರೇ ತಮ್ಮ ಪುಸ್ತಕದಲ್ಲಿ ಭಾಷೆಯ ತೂತನ್ನು ತೋರಿಸಿದ್ದು ನಮಗೆ ತುಂಬ ಹಿಡಿಸಿತು. ನಾವಾಗಿದ್ದರೆ ಪ್ರಾಜೆಕ್ಟ್ ರಿಪೋರ್ಟ್‌ನಲ್ಲಿ ಅದನ್ನು ಫ್ಯೂಚರ್ ಸ್ಕೋಪ್ ಅಂತ ಕರೆದು ಮುಂದೆ ಹೋಗ್ತಿದ್ದೆವು.

ಇದು ಆಗ ಬರೀ ಥಿಯರಿ ಪ್ರಶ್ನೆ ಆಗಿರಲಿಲ್ಲ. ಅದೇ ಹೊತ್ತಿಗೆ ರಿಚಿ ಮತ್ತು ಸ್ಟೀವ್ ಜಾನ್ಸನ್ ಯೂನಿಕ್ಸನ್ನು ಇಂಟರ್‌ಡೇಟಾ 8/32 ಅನ್ನೋ ಬೇರೆಯದೇ ಮೆಷಿನ್‌ಗೆ ಸಾಗಿಸೋ ಕೆಲಸದಲ್ಲಿದ್ದರು. ಒಂದು ಮೆಷಿನ್‌ನಲ್ಲಿ ತಮಾಷೆಯಾಗಿ ನಡೆದ ಕಳ್ಳದಾರಿ ಇನ್ನೊಂದರಲ್ಲಿ ಮುರಿದುಬೀಳುತ್ತೆ ಅಂತ ಅವರು ಕಣ್ಣಾರೆ ಕಂಡರು. 1981ರಲ್ಲಿ ಇಬ್ಬರೂ ಸೇರಿ ಸಿ ಫಂಕ್ಷನ್ ಕರೆಯುವ ಕ್ರಮದ ಬಗ್ಗೆಯೇ ಒಂದು ಟೆಕ್ನಿಕಲ್ ರಿಪೋರ್ಟ್ ಬರೆದರು. ಹೊಸ ಮೆಷಿನ್‌ಗೆ ಈ ಕ್ರಮವನ್ನು ರೂಪಿಸುವಾಗ ಪ್ರಿಂಟ್‌ಎಫ್ ಥರದ ಫಂಕ್ಷನ್‌ಗಳನ್ನು ಹೇಗೆ ಸಂಭಾಳಿಸಬೇಕು ಅನ್ನೋ ತಲೆನೋವು ಅದರಲ್ಲೂ ಇದೆ.

ಚುಕ್ಕಿ ಬಂದ ಮೇಲೆ

1983ರಲ್ಲಿ ಸಿ ಭಾಷೆಗೆ ಸ್ಟ್ಯಾಂಡರ್ಡ್ ಮಾಡೋಕೆ ಆನ್ಸಿ ಒಂದು ಸಮಿತಿ ರಚಿಸಿತು. 1989ರಲ್ಲಿ ಸ್ಟ್ಯಾಂಡರ್ಡ್ ಬಂತು. ಬ್ಯಾರ್ನೆ ಸ್ಟ್ರೌಸ್ಟ್ರುಪ್ ಅವರ ಸಿ ಪ್ಲಸ್ ಪ್ಲಸ್‌ನಿಂದ ಫಂಕ್ಷನ್ ಪ್ರೊಟೊಟೈಪ್ ಸಿ ಭಾಷೆಗೆ ಬಂತು, ಮೂರು ಚುಕ್ಕಿಯೂ ಅದರ ಜೊತೆಗೇ ಬಂತು. ಸ್ಟ್ಯಾಂಡರ್ಡ್ ಆರ್ಗ್ ಹೆಡರ್ ಫೈಲ್ ಕೂಡ ಆಗಲೇ ಬಂದಿದ್ದು. ಅದರ ಒಳಗಿನ ನಾಲ್ಕು ಹೆಸರು ಗೊತ್ತಿದ್ದರೆ ನಾವೂ ನಮ್ಮದೇ ಪ್ರಿಂಟ್‌ಎಫ್ ಬರೀಬಹುದು. ವಿಎ ಲಿಸ್ಟ್ ಅಂದ್ರೆ ಪಂಕ್ತಿಯಲ್ಲಿ ನಾವು ಎಲ್ಲಿದ್ದೇವೆ ಅಂತ ನೆನಪಿಡೋ ವೇರಿಯಬಲ್. ವಿಎ ಸ್ಟಾರ್ಟ್‌ಗೆ ಹೆಸರಿರುವ ಕೊನೆಯ ಪ್ಯಾರಾಮೀಟರ್ ತೋರಿಸಿದರೆ ಅದರ ಮುಂದಿನ ಎಲೆ ಹತ್ತಿರ ಕರ್ಕೊಂಡು ಹೋಗುತ್ತೆ. ವಿಎ ಆರ್ಗ್‌ಗೆ ಟೈಪ್ ಹೇಳಿದರೆ ಒಂದು ಬೆಲೆ ಕೊಟ್ಟು ಮುಂದಕ್ಕೆ ಹೆಜ್ಜೆ ಇಡುತ್ತೆ. ಕೊನೆಗೆ ವಿಎ ಎಂಡ್. ಇಲ್ಲಿ ನಾವೆಲ್ಲ ಮಾಡೋ ತಪ್ಪು ಅಂದ್ರೆ ವಿಎ ಆರ್ಗ್‌ಗೆ ಕ್ಯಾರ್ ಅಥವಾ ಫ್ಲೋಟ್ ಅಂತ ಕೊಡೋದು. ಮೇಲೆ ಹೇಳಿದ ಹಾಗೆ ಅವು ಇಂಟ್ ಮತ್ತು ಡಬಲ್ ಆಗಿ ಬಂದಿರುತ್ತವೆ, ಹಾಗೇ ಕೇಳಬೇಕು.

ಗಮನಿಸಿ, ಎಷ್ಟು ಅಂತ ಹೇಳೋದು ಈ ನಾಲ್ಕರಲ್ಲಿ ಯಾವುದೂ ಇಲ್ಲ. ಅದನ್ನು ನಾವೇ ಹೇಳಬೇಕು, ಅದಕ್ಕೆ ಮೂರು ದಾರಿ. ಪ್ರಿಂಟ್‌ಎಫ್ ಥರ ಒಂದು ಫಾರ್ಮ್ಯಾಟ್ ಕೊಡೋದು. ಇಲ್ಲ ಎಣಿಕೆಯನ್ನೇ ಮೊದಲನೇ ಆರ್ಗ್ಯುಮೆಂಟ್ ಮಾಡೋದು. ಇಲ್ಲ ಯೂನಿಕ್ಸ್‌ನ ಎಕ್ಸೆಕ್‌ಎಲ್ ಥರ ಕೊನೆಗೊಂದು ನಲ್ ಪಾಯಿಂಟರ್ ಇಟ್ಟು, ಪಂಕ್ತಿ ಇಲ್ಲಿಗೆ ಮುಗೀತು ಅಂತ ಗುರುತು ಹಾಕೋದು. ಮೂರರಲ್ಲೂ ಮಾತು ಒಂದೇ: ಕರೆಯುವವರು ನಿಜ ಹೇಳಬೇಕು, ಒಳಗಿರುವವರು ನಂಬಬೇಕು.

ರಿಚಿ ಅವರ ಥೀಸಿಸ್ ನೆನಪಿದೆಯಲ್ಲ? ಎಷ್ಟು ಸುತ್ತು ಅಂತ ಮೊದಲೇ ಹೇಳಿದ್ದರೆ ಪ್ರೋಗ್ರಾಂ ನಿಲ್ಲೋದು ಖಂಡಿತ ಅಂತ ಗಣಿತದಿಂದ ತೋರಿಸಿದವರು, ಎಷ್ಟು ಅಂತ ಮೊದಲೇ ಗೊತ್ತಾಗದ ಫಂಕ್ಷನ್‌ಗಳಿಗೆ ಜಾಗ ಇರೋ ಭಾಷೆ ಮಾಡಿದರು. ಇದು ಮರೆವು ಅಂತ ನಮಗೆ ಅನ್ನಿಸಲ್ಲ. 24 ಸಾವಿರ ಚಿಲ್ಲರೆ ಬೈಟ್ ಮೆಮೊರಿಯ ಮೆಷಿನ್‌ನಲ್ಲಿ, ಪ್ರತಿ ಕರೆಗೂ ಎಣಿಕೆ ಮತ್ತು ಟೈಪ್ ಜೊತೆಯಲ್ಲಿ ಕಳಿಸಿ ಪರೀಕ್ಷೆ ಮಾಡೋದು ದುಬಾರಿ. ಅದನ್ನು ಬಳಸುತ್ತಿದ್ದವರು ಒಂದೇ ಕಾರಿಡಾರಿನ, ಪರಸ್ಪರ ಕೋಡ್ ಓದುವ ಕೆಲವೇ ಜನ. ಆ ನಂಬಿಕೆ ಅಲ್ಲಿ ಸರಿಹೋಯ್ತು.

ಆಮೇಲೆ ಸಿ ಆ ಕಾರಿಡಾರ್ ದಾಟಿ ಜಗತ್ತಿಗೆಲ್ಲ ಹೋಯ್ತು. 2000ದ ಸುಮಾರಿಗೆ ಇದರ ಬೆಲೆ ಎಲ್ಲರಿಗೂ ಗೊತ್ತಾಯ್ತು. ಯೂಸರ್ ಟೈಪ್ ಮಾಡಿದ ಸ್ಟ್ರಿಂಗನ್ನೇ ಪ್ರಿಂಟ್‌ಎಫ್‌ಗೆ ಮೊದಲನೇ ಆರ್ಗ್ಯುಮೆಂಟಾಗಿ ಕೊಟ್ಟರೆ, ಚೀಟಿ ಬರೆಯೋ ಅಧಿಕಾರ ಅಪರಿಚಿತರ ಕೈಗೆ ಹೋದ ಹಾಗೆ. ಪರ್ಸೆಂಟ್ ಎಕ್ಸ್ ಸಾಲಾಗಿ ಬರೆದು ಸ್ಟ್ಯಾಕ್ ಓದಬಹುದು, ಪರ್ಸೆಂಟ್ ಎನ್ ಬಳಸಿ ಮೆಮೊರಿಗೆ ಬರೆಯಲೂಬಹುದು. ಎಷ್ಟೋ ಸರ್ವರ್ ಪ್ರೋಗ್ರಾಂಗಳಲ್ಲಿ ಈ ತೂತು ಸಿಕ್ಕಿತು. ಇವತ್ತು ಜಿಸಿಸಿಯಲ್ಲಿ ವಾರ್ನಿಂಗ್ ಆನ್ ಮಾಡಿದರೆ ಫಾರ್ಮ್ಯಾಟ್‌ಗೂ ಆರ್ಗ್ಯುಮೆಂಟ್‌ಗೂ ತಾಳೆ ನೋಡುತ್ತೆ. ಲ್ಯಾಬ್‌ನಲ್ಲಿ ಆ ಹಳದಿ, ನೇರಳೆ ಸಾಲುಗಳನ್ನು ನೋಡಿಯೂ ನೋಡದ ಹಾಗೆ ರನ್ ಒತ್ತೋದು ನಾವೇ.

ಸದ್ದಿಲ್ಲದ ಮನುಷ್ಯ

ಪ್ರಶಸ್ತಿಗಳು ಬಂದವು. 1983ರಲ್ಲಿ ಥಾಂಪ್ಸನ್ ಜೊತೆ ಟ್ಯೂರಿಂಗ್ ಅವಾರ್ಡ್. 1999ರಲ್ಲಿ ಅಧ್ಯಕ್ಷ ಕ್ಲಿಂಟನ್ ಕೈಯಿಂದ ಇಬ್ಬರಿಗೂ ನ್ಯಾಷನಲ್ ಮೆಡಲ್ ಆಫ್ ಟೆಕ್ನಾಲಜಿ. 2011ರಲ್ಲಿ ಜಪಾನ್ ಪ್ರೈಜ್. ಆದ್ರೆ ರಿಚಿ ವೇದಿಕೆಯ ಮನುಷ್ಯ ಆಗಿರಲಿಲ್ಲ. ಲ್ಯಾಬ್‌ಗೆ ಮಧ್ಯಾಹ್ನದ ಹೊತ್ತಿಗೆ ಬಂದು ರಾತ್ರಿ ಬಹಳ ಹೊತ್ತು ಕೆಲಸ ಮಾಡೋ ಅಭ್ಯಾಸ. ಹಾಸ್ಟೆಲ್‌ನಲ್ಲಿರೋ ನಮ್ಮ ಟೈಮ್‌ಟೇಬಲ್ಲೇ ಅನ್ನಿ. ಲಾಗಿನ್ ಹೆಸರು ಡಿಎಂಆರ್, ಬೆಲ್ ಲ್ಯಾಬ್ಸ್‌ನಲ್ಲಿ ಅದೇ ಅವರ ಹೆಸರು. ಮದುವೆ ಆಗಲಿಲ್ಲ. ಯೂನಿಕ್ಸ್‌ನ ಸೆಟ್‌ಯುಐಡಿ ಉಪಾಯಕ್ಕೆ ಅವರ ಹೆಸರಲ್ಲಿ ಪೇಟೆಂಟ್ ಸಿಕ್ಕಿತ್ತು, ಅದನ್ನು ಸಾರ್ವಜನಿಕರ ಬಳಕೆಗೆ ಬಿಟ್ಟುಕೊಡಲಾಯ್ತು.

ಸ್ಟ್ಯಾಂಡರ್ಡ್ ಸಮಿತಿಯ ಕೆಲಸದಲ್ಲೂ ಅವರು ದೂರವೇ ಉಳಿದಿದ್ದರು. 1988ರಲ್ಲಿ ಸಮಿತಿ ನೋಏಲಿಯಾಸ್ ಅನ್ನೋ ಹೊಸ ಕೀವರ್ಡ್ ಸೇರಿಸಲು ಹೊರಟಾಗ ಮಾತ್ರ ಸುಮ್ಮನಿರಲಿಲ್ಲ. ಅದರಿಂದ ಭಾಷೆ ಕೆಡುತ್ತೆ ಅಂತ ಖಾರವಾಗಿಯೇ ಬರೆದರು. ಕೀವರ್ಡ್ ಹೋಯ್ತು. ತಮ್ಮದೇ ತಪ್ಪುಗಳ ಬಗ್ಗೆಯೂ ಅದೇ ನೇರ. 1993ರಲ್ಲಿ ಸಿ ಭಾಷೆಯ ಇತಿಹಾಸ ಬರೆದಾಗ, ಆ್ಯಂಪರ್‌ಸ್ಯಾಂಡ್ ಮತ್ತು ಈಕ್ವಲ್ ಈಕ್ವಲ್ ನಡುವಿನ ಪ್ರಿಸಿಡೆನ್ಸ್ ಯಾಕೆ ತಲೆಕೆಳಗಾಗಿದೆ, ಅದು ಬಿ ಭಾಷೆಯಿಂದ ಹೇಗೆ ಉಳಿದುಬಂತು ಅಂತ ಬಿಡಿಸಿ ಹೇಳಿದ್ದಾರೆ.

ಆಮೇಲೆ ಪ್ಲಾನ್ 9, ಇನ್ಫರ್ನೋ ಅನ್ನೋ ಸಿಸ್ಟಮ್‌ಗಳ ಕೆಲಸ. 2007ರಲ್ಲಿ ನಿವೃತ್ತಿ. 2011ರ ಅಕ್ಟೋಬರ್ 12ರಂದು ನ್ಯೂಜೆರ್ಸಿಯ ಬರ್ಕ್ಲಿ ಹೈಟ್ಸ್‌ನ ಮನೆಯಲ್ಲಿ ಅವರು ತೀರಿಹೋಗಿರೋದು ಗೊತ್ತಾಯ್ತು. ಒಬ್ಬರೇ ಇದ್ದರು. 70 ವರ್ಷ. ಸುದ್ದಿ ಹೊರಗೆ ಬಂದಿದ್ದು ಹಳೇ ಸಹೋದ್ಯೋಗಿ ರಾಬ್ ಪೈಕ್ ಅವರಿಂದ. ಅದಕ್ಕೆ ಒಂದು ವಾರ ಮೊದಲು, ಅಕ್ಟೋಬರ್ 5ರಂದು, ಸ್ಟೀವ್ ಜಾಬ್ಸ್ ತೀರಿಕೊಂಡಿದ್ದರು. ಜಗತ್ತೆಲ್ಲ ಆಪಲ್ ಅಂಗಡಿಗಳ ಮುಂದೆ ಹೂವು ಇಡ್ತಿತ್ತು. ಆ ಫೋನ್‌ಗಳ ಒಳಗಿದ್ದ ಆಪರೇಟಿಂಗ್ ಸಿಸ್ಟಮ್ ಯೂನಿಕ್ಸ್ ವಂಶದ್ದು, ಅದರ ಕರ್ನಲ್ ಬಹುಪಾಲು ಸಿ. ರಿಚಿ ಹೋದ ಸುದ್ದಿ ಹೆಚ್ಚಾಗಿ ನಮ್ಮಂಥ ಪ್ರೋಗ್ರಾಮರ್‌ಗಳ ನಡುವೆಯೇ ಉಳೀತು. ಮುಂದಿನ ತಿಂಗಳು ಬಂದ ಫೆಡೋರಾ 16 ಲಿನಕ್ಸನ್ನು ಅವರ ನೆನಪಿಗೆ ಅರ್ಪಿಸಿದರು.

ಆ ಥೀಸಿಸ್ ಏನಾಯ್ತು? ಮನೆಯವರ ಬಳಿ ಉಳಿದಿತ್ತು. ಅವರು ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ ಕ್ಯಾಲಿಫೋರ್ನಿಯಾದ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂ ಅದನ್ನು ಪಡೆದು, 2020ರಲ್ಲಿ ಎಲ್ಲರೂ ಓದುವ ಹಾಗೆ ಬಿಡುಗಡೆ ಮಾಡಿತು. ಬೈಂಡಿಂಗ್ ಇಲ್ಲದಿದ್ದರೂ ಓದೋರಿಗೆ ಸಿಕ್ಕಿತು.

ನಾವು ಇದನ್ನೆಲ್ಲ ಓದಿ ಮುಗಿಸಿದ ರಾತ್ರಿ ಒಂದು ಪುಟ್ಟ ಫಂಕ್ಷನ್ ಬರೆದೆವು. ಮೊದಲು ಎಣಿಕೆ, ಆಮೇಲೆ ಮೂರು ಚುಕ್ಕಿ, ಕೊಟ್ಟಿದ್ದನ್ನೆಲ್ಲ ಕೂಡಿಸಿ ಹೇಳುತ್ತೆ. ಮೂರು ಅಂತ ಹೇಳಿ ಮೂರು ಸಂಖ್ಯೆ ಕೊಟ್ಟಾಗ ಸರಿಯಾದ ಉತ್ತರ ಬಂತು. ನಾಲ್ಕು ಅಂತ ಸುಳ್ಳು ಹೇಳಿ ಮೂರೇ ಕೊಟ್ಟೆವು. ಎರರ್ ಬರಲಿಲ್ಲ, ವಾರ್ನಿಂಗ್ ಕೂಡ ಬರಲಿಲ್ಲ, ಸುಮ್ಮನೆ ಒಂದು ತಪ್ಪು ಉತ್ತರ ಬಂತು. ನೀವೂ ಒಮ್ಮೆ ಮಾಡಿ ನೋಡಿ, ಹತ್ತು ಸಾಲು ಸಾಕು. ಆಮೇಲೆ ನಿಮ್ಮ ಮುಂದಿನ ಪ್ರೋಗ್ರಾಂಗೆ ವಾರ್ನಿಂಗ್‌ಗಳನ್ನೆಲ್ಲ ಆನ್ ಮಾಡಿ ಕಂಪೈಲ್ ಮಾಡಿ. ನಂಬಿ ಬಿಟ್ಟವರು ಈಗಿಲ್ಲ, ಎಣಿಸಿ ಕೊಡೋ ಜವಾಬ್ದಾರಿ ನಮ್ಮದು.